ಒಣ ಬೇರಿಂಗಿನ ಸಿಳ್ಳೆ

ಗಿರಣಿಯೊಳಗೆ ಕಾಲಿಟ್ಟ ಮೇಲೆ ಪಂಚಾಕ್ಷರಪ್ಪ ಆಡುತ್ತಿದ್ದದ್ದು ಮೂರೇ ಮಾತು: ಓಡ್ಲಿ, ಗ್ರೀಸು, ಬಿಚ್ರಿ. ಇಪ್ಪತ್ತೆರಡು ವರ್ಷ ದಾವಣಗೆರೆ ಸುತ್ತಮುತ್ತಲ ಅಕ್ಕಿ ಗಿರಣಿಗಳು ಈ ಮೂರು ಮಾತಿನ ಮೇಲೇ ಓಡಿದವು, ನಿಂತವು.

ಅವನ ಕಸುಬು ಬೇರಿಂಗ್ ಕೇಳುವುದು. ತಿರುಗುವ ಶಾಫ್ಟಿಗೆ ಎರಡೂ ತುದಿಯಲ್ಲಿ ಬೇರಿಂಗ್ ಇರುತ್ತದೆ, ಅದರೊಳಗೆ ಉಕ್ಕಿನ ಗುಂಡುಗಳು. ಗುಂಡು ಸವೆದದ್ದು ಹೊರಗಿನಿಂದ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಬೇರಿಂಗ್ ಸಿಕ್ಕಿಹಾಕಿಕೊಂಡು, ಬೆಲ್ಟು ಹಾರಿ, ಯಾರದೋ ಮೈಮೇಲೆ ಬಂದಿರುತ್ತದೆ. ಮೊದಲೇ ತಿಳಿಯಬೇಕಾದರೆ ಕೇಳಬೇಕು. ಗಿರಣಿಯ ಗದ್ದಲದಲ್ಲಿ ಬರಿಯ ಕಿವಿಗೆ ಅದು ಸಿಗುವುದಿಲ್ಲ. ಅದಕ್ಕೇ ಅವನ ಹತ್ತಿರ ಒಂದು ಕಡ್ಡಿ ಇತ್ತು. ಮೊಳದುದ್ದದ ಉಕ್ಕಿನ ಕಡ್ಡಿ, ಒಂದು ತುದಿ ಚೂಪು, ಇನ್ನೊಂದು ತುದಿಗೆ ಬುಗುರಿಯಂಥ ಜಾಲಿಮರದ ಹಿಡಿ. ಓಡುತ್ತಿರುವ ಬೇರಿಂಗಿನ ಮೇಲೆ ಚೂಪು ತುದಿ ಒತ್ತಿ, ಹಿಡಿಯನ್ನು ಬಲಗಿವಿಗೆ ಆನಿಸಿ ಕಣ್ಣು ಮುಚ್ಚಿದನೆಂದರೆ ಹಮಾಲರು ಕೂಡ ಮಾತು ನಿಲ್ಲಿಸುತ್ತಿದ್ದರು. ಒಳ್ಳೆಯ ಬೇರಿಂಗು ಹಾಲು ಕಾಯುವ ಸದ್ದು ಮಾಡುತ್ತದಂತೆ. ಗ್ರೀಸು ಒಣಗಿದ್ದು ಒಣಗಿದ ಜೋಳದ ಸೊಪ್ಪೆ ತುಳಿದ ಹಾಗೆ. ಸಾಯಲು ಹೊರಟದ್ದು ಸಣ್ಣಗೆ ಸಿಳ್ಳೆ ಹಾಕುತ್ತದೆ.

ಕೊಂಡಜ್ಜಿಯಲ್ಲಿ ಹುಟ್ಟಿದವನು. ಹತ್ತೊಂಬತ್ತಕ್ಕೆ ಹರಿಹರದ ದೊಡ್ಡ ಕಾರ್ಖಾನೆಗೆ ಸೇರಿ, ಹದಿನೇಳು ವರ್ಷ ಲೋಹ ಒತ್ತುವ ಯಂತ್ರದ ಪಕ್ಕ ನಿಂತ. ಯಂತ್ರ ಎಡಕ್ಕಿತ್ತು, ಎಡಗಿವಿ ಅಲ್ಲೇ ಹೋಯಿತು, ಹತ್ತಿರ ಬಂದು ಕೂಗಿದರಷ್ಟೇ ಕೇಳುತ್ತಿತ್ತು. ಕಾರ್ಖಾನೆಯ ಗೇಟು ಮುಚ್ಚಿದ ದಿನ ಅವನು ಹೊತ್ತು ತಂದದ್ದು ಆ ಕಡ್ಡಿ ಮತ್ತು ಒಂದು ಗಟ್ಟಿ ಬಲಗಿವಿ. ಅಂದಿನಿಂದ ಅವನ ಜೊತೆ ಮಾತಾಡುವವರೆಲ್ಲ ಬಲಕ್ಕೇ ಬರುತ್ತಿದ್ದರು. ಹೆಂಡತಿ ಬಸವಣ್ಣೆಮ್ಮ ನಗುತ್ತಿದ್ದಳು, "ನಿಮ್ಮನ್ನ ಬೈಯಾಕೂ ನಾನು ಮನೆ ತುಂಬ ಸುತ್ತು ಹಾಕ್ಕಂಡು ಬಲಕ್ಕೆ ಬರಬೇಕು ನೋಡ್ರಿ."

ಹದಡಿ ರಸ್ತೆಯ ಬಕ್ಕೇಶಪ್ಪನ ಗಿರಣಿ ಅವನಿಗೆ ತವರಿನಂತೆ. ಅಲ್ಲಿ ಯಂತ್ರ ನಡೆಸುವವನು ಅಲ್ಲಾಬಕ್ಷ್. ಇಬ್ಬರದೂ ಇಪ್ಪತ್ತು ವರ್ಷದ ಒಡನಾಟ, ಒಂದೇ ಲೋಟದ ಚಹಾವನ್ನು ಎರಡು ಮಾಡಿ ಕುಡಿದದ್ದು. ಪಟ್ಟಣದಿಂದ ಬಂದ ಕಂಪನಿಯವನೊಬ್ಬ ಬೇರಿಂಗ್ ನೋಡುವ ಮೀಟರು ತೋರಿಸಿದಾಗ ಬಕ್ಕೇಶಪ್ಪ ಅದನ್ನು ಮುಟ್ಟಲೂ ಇಲ್ಲ. "ನಮ್ಮ ಪಂಚಪ್ಪನ ಕಿವಿ ಇರಾಗ ಅದ್ಯಾಕಪ್ಪ?" ಎಂದು ಕಳಿಸಿಬಿಟ್ಟ.

ಹೋದ ವರ್ಷದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಪಂಚಾಕ್ಷರಪ್ಪ ಅದೇ ಗಿರಣಿಯ ಮೇನ್ ಶಾಫ್ಟಿಗೆ ಕಡ್ಡಿ ಇಟ್ಟ. ಹಾಲು ಕಾಯುವ ಸದ್ದಿನ ಮೇಲೆ, ಕೂದಲೆಳೆಯಷ್ಟು ಸಣ್ಣ ಸಿಳ್ಳೆ.

"ಬಿಚ್ರಿ," ಅಂದ.

ಹೊರಗೆ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು. ಬಕ್ಕೇಶಪ್ಪ ಮುಖ ಹಿಂಡಿದ, ಆದರೆ ಅವನ ಮಾತಿಗೆ ಎದುರಾಡಲಿಲ್ಲ. ಗಿರಣಿ ನಿಂತಿತು. ಅಲ್ಲಾಬಕ್ಷ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳನ್ನು ಬೆಳಕಿಗೆ ಹಿಡಿದ. ಕನ್ನಡಿಯಂತಿದ್ದವು.

"ಪಂಚಣ್ಣ, ಇದು ಹೊಸ ಮದುಮಗಳಿದ್ದಂಗೆ ಐತಲ್ಲೊ."

"ಹಂಗಾದ್ರೆ ಆ ಕಡೇದು. ಬಿಚ್ಚು."

ಆ ಕಡೆಯದೂ ಹಾಗೇ ಇತ್ತು. ಹಮಾಲರು ಮೂಟೆಗಳ ಮೇಲೆ ಕೂತು ಬೀಡಿ ಹಚ್ಚಿದ್ದರು. ಗಿರಣಿ ಪೂರ್ತಿ ನಿಂತಿತ್ತು, ಮೋಟಾರು ತಣ್ಣಗಾಗಿತ್ತು, ಛಾವಣಿಯ ಗುಬ್ಬಿಗಳ ಚಿಲಿಪಿಲಿ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಪಂಚಾಕ್ಷರಪ್ಪ ಕಡ್ಡಿ ಹಿಡಿದು ನಿಂತಿದ್ದ. ಸಿಳ್ಳೆ ಇನ್ನೂ ಬರುತ್ತಿತ್ತು. ಯಂತ್ರವೇ ಇಲ್ಲದೆ ಬರುತ್ತಿತ್ತು.

ಅವನು ಯಾರಿಗೂ ಹೇಳಲಿಲ್ಲ. ಹರಿಹರದ ಬಸ್ಸಿನಲ್ಲಿ ಕೂತು ಮನೆಗೆ ಬಂದ. ಊಟಕ್ಕೆ ಕೂತಾಗ ಸಿಳ್ಳೆ, ಕೈ ತೊಳೆಯುವಾಗ ಸಿಳ್ಳೆ, ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತರೂ ನೀರಿನ ಸದ್ದಿನ ಮೇಲೆ ತೇಲುತ್ತ ಅದೇ ಸಿಳ್ಳೆ. ಬೇರೆ ಯಾರಾದರೂ ಆಗಿದ್ದರೆ ಮೊದಲ ದಿನವೇ ಕಿವಿಯೊಳಗೆ ಏನೋ ಗುಂಯ್ ಅನ್ನುತ್ತಿದೆ ಎಂದು ಡಾಕ್ಟರ ಹತ್ತಿರ ಹೋಗುತ್ತಿದ್ದರು. ಇವನು ಬೇರಿಂಗಿನವನು. ಹತ್ತಾರು ದಿನ ಮನೆಯ ಫ್ಯಾನು ಬಿಚ್ಚಿದ, ನೀರೆತ್ತುವ ಪಂಪು ಬಿಚ್ಚಿದ, ಪಕ್ಕದ ಮನೆಯ ಮಿಕ್ಸಿಯನ್ನೂ ಬಿಡಲಿಲ್ಲ.

"ಅವರ ಮಿಕ್ಸಿ ಏನು ಮಾಡಿತ್ರಿ ನಿಮಗೆ?" ಬಸವಣ್ಣೆಮ್ಮ ಬಲಕ್ಕೆ ಬಂದು ಕೇಳಿದಳು.

ಆಗ ಹೇಳಿದ. ಅವಳು ಮಿಕ್ಸಿಯನ್ನು ಪಕ್ಕದ ಮನೆಗೆ ವಾಪಸು ಕೊಟ್ಟು ಬಂದಳು. ಮಾರನೆ ದಿನವೇ ದಾವಣಗೆರೆಗೆ ಕರೆದುಕೊಂಡು ಹೋದಳು.

ಕಿವಿ ಡಾಕ್ಟರು ನೋಡಿ, ಅವರದೇ ಆಸ್ಪತ್ರೆಯ ಶ್ರವಣ ಪರೀಕ್ಷೆಯ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಕೃತಿಕಾ, ಮಗಳ ವಯಸ್ಸಿನವಳು. ತಲೆಗೆ ಹೆಡ್‌ಫೋನು ಹಾಕಿ ತಾಸುಗಟ್ಟಲೆ ಪರೀಕ್ಷೆ ಮಾಡಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಅಂಕಲ್, ಸಣ್ಣ ದನಿ ಹಿಡಿಯೋ ಜೀವಕೋಶಗಳು ನಿಮ್ಮ ಕಿವಿಯಲ್ಲಿ ಬಹಳಷ್ಟು ಸತ್ತಿವೆ. ಅಲ್ಲಿಂದ ಸುದ್ದಿ ಬರ್ತಿಲ್ಲ ಅಂತ ಮೆದುಳು ತಾನೇ ಒಂದು ಸದ್ದು ಮಾಡ್ಕೊಳ್ತಾ ಇದೆ. ಸದ್ದು ಹೊರಗಿಲ್ಲ. ತಲೆಯೊಳಗಿದೆ."

"ಲೋಡಿಲ್ದೆ ಓಡೋ ಮೋಟ್ರು ಇದ್ದಂಗೆ."

"ಹಾಗೇ ಅಂದ್ಕೊಳ್ಳಿ."

"ಸ್ವಿಚ್ ಎಲ್ಲೈತೆ ಮೇಡಂ?"

ಅವಳು ನಗಲಿಲ್ಲ. ಸ್ವಿಚ್ ಯಾರಿಗೂ ಗೊತ್ತಿಲ್ಲ ಎಂದಳು. ಆದರೆ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ನಡೆಯುತ್ತಿತ್ತು. ಕಿವಿಗೆ ಅತಿ ಸಣ್ಣ ಕರೆಂಟು ಕೊಟ್ಟು ಆ ಸದ್ದನ್ನು ಅಡಗಿಸಲು ಬರುತ್ತದೆಯೇ ಎಂದು ನೋಡುವ ಪ್ರಯೋಗ. ಹನ್ನೆರಡು ಮಂಗಳವಾರ, ಹನ್ನೆರಡು ಸಲ. ಕೆಲವರಿಗೆ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ವಾಸಿಯಾಗುತ್ತದೆ ಎಂದು ಮಾತ್ರ ಹೇಳಲಾರೆ ಎಂದು ಎರಡೆರಡು ಸಲ ಹೇಳಿ ಸಹಿ ಹಾಕಿಸಿಕೊಂಡಳು.

ಮೊದಲ ಮಂಗಳವಾರ ಅವನ ಬಲಗಿವಿಯೊಳಗೆ ಒದ್ದೆ ಬತ್ತಿಯಂಥದ್ದೊಂದನ್ನು ಇಟ್ಟು, ಹಣೆಗೆ ಇನ್ನೊಂದು ತುಂಡು ಅಂಟಿಸಿ, ತಂತಿಗಳನ್ನು ಪೆಟ್ಟಿಗೆಗೆ ಸಿಕ್ಕಿಸಿದಳು. ಜೀವಮಾನವೆಲ್ಲ ಕರೆಂಟಿನ ಜೊತೆ ಬಾಳಿದವನು ಕೇಳದೆ ಇದ್ದಾನೆಯೇ?

"ಇದು ಎಸಿನೋ ಡಿಸಿನೋ, ಮೇಡಂ?"

"ಎರಡು ದಿಕ್ಕಿಗೂ ಸಮವಾಗಿ ಹೋಗಿ ಬರೋ ಸಣ್ಣ ಮಿಡಿತಗಳು ಅಂಕಲ್. ಒಂದೇ ದಿಕ್ಕಿಗೆ ಹರಿಸಿದರೆ ಸದ್ದು ಇನ್ನೂ ಚೆನ್ನಾಗಿ ಅಡಗುತ್ತೆ ಅಂತ ಹಿಂದೆ ಕೆಲವರು ನೋಡಿದ್ದಾರೆ. ಆದರೆ ಅದು ಕಿವೀನೇ ಸುಟ್ಟುಬಿಡುತ್ತೆ. ಹಾಗೆ ಮಾಡಬಾರದು."

ಗುಂಡಿ ತಿರುಗಿಸಿದಳು. ಒಳಗೆ ಇರುವೆ ನಡೆದಂತಾಯಿತು. ಎಂಟು ನಿಮಿಷ ಕಳೆದಿರಬೇಕು, ಸಿಳ್ಳೆ ತೆಳ್ಳಗಾಗುತ್ತ ಹೋಗಿ, ಹೋಗಿ, ನಿಂತೇಬಿಟ್ಟಿತು. ಪಂಚಾಕ್ಷರಪ್ಪ ಉಸಿರು ಬಿಡಲಿಲ್ಲ. ಬಿಟ್ಟರೆ ಎಲ್ಲಿ ಬಂದುಬಿಡುತ್ತದೋ ಎಂದು. ಹೆಂಡತಿಯ ಬಳೆ ಕೇಳಿಸಿತು. ಗೋಡೆಯಾಚೆ ಯಾರೋ ಕಾಗದ ಮಡಿಸಿದ್ದು ಕೇಳಿಸಿತು. ತಲೆಯೆತ್ತಿ ನೋಡಿದ.

"ಮೇಡಂ, ನಿಮ್ಮ ಫ್ಯಾನಿನ ಮೇಲ್ಗಡೆ ಬೇರಿಂಗು ಹೋಗೈತ್ರಿ."

ಕೃತಿಕಾ ನಕ್ಕಳು. ಬಸವಣ್ಣೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಹನ್ನೊಂದು ನಿಮಿಷ. ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ, ಆಟೋಗಳ ಹಾರ್ನಿನ ನಡುವೆ, ಕೂದಲೆಳೆ ಸಿಳ್ಳೆ ವಾಪಸು ಬಂತು.

ಆದರೆ ಆ ಹನ್ನೊಂದು ನಿಮಿಷ ಅವನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಗಿರಣಿ ಕೇಳಲು ಅವನಿಗೆ ಅಷ್ಟು ಹೊತ್ತೇ ಸಾಕು. ಮುಂದಿನ ಮಂಗಳವಾರ ಆಟೋ ನಿಲ್ಲಿಸಿಟ್ಟೇ ಒಳಗೆ ಹೋದ. ತಂತಿ ತೆಗೆದ ಕೂಡಲೆ ಓಡಿ ಬಂದು ಹತ್ತಿದ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಐವತ್ತು ಡಬ್ಬಿ ಎಳೆದುಕೊಂಡು ಹೋಗುವಷ್ಟರಲ್ಲಿ ಸಿಳ್ಳೆ ಬಂತು. ಅದರಾಚೆ ವಾರ ಬೇರೆ ದಾರಿ ಹಿಡಿದ. ಗಿರಣಿಯ ಬಾಗಿಲಲ್ಲಿ ಕಡ್ಡಿ ಹೊರಗೆ ತೆಗೆದ, ಅಷ್ಟರಲ್ಲಿ ಸಿಳ್ಳೆ ಬಂತು.

"ಆ ಪೆಟ್ಟಿಗೆ ಮನೀಗೆ ಕೊಡ್ರಿ ಮೇಡಂ. ನಂಗೆ ಕರೆಂಟು ಗೊತ್ತು," ಎಂದು ಕೇಳಿಯೂ ನೋಡಿದ.

"ನಿಮಗೆ ಮೋಟಾರಿನ ಕರೆಂಟು ಗೊತ್ತು ಅಂಕಲ್. ಕಿವಿ ಮೋಟಾರಲ್ಲ."

ಹನ್ನೆರಡು ಮಂಗಳವಾರ ಮುಗಿದವು. ಪ್ರಯೋಗ ಮುಗಿಯಿತು. ಫಲಿತಾಂಶ ಬರೆದು ಮೇಲಕ್ಕೆ ಕಳಿಸುತ್ತೇವೆ, ಮುಂದೇನು ಎನ್ನುವುದು ಅವರ ಕೈಲಿದೆ ಎಂದರು. ಇತ್ತ ಮುಂದಿನ ಭತ್ತ ಬರತೊಡಗಿತ್ತು. ಬಕ್ಕೇಶಪ್ಪ ಫೋನಿನಲ್ಲಿ ಕೇಳಿದ, "ಏನಪ್ಪಾ ಪಂಚಪ್ಪ, ಕಿವಿ ಸರಿ ಐತೋ, ಆ ಮೀಟರಿನವನಿಗೆ ಹೇಳಲೋ?" ತಮಾಷೆಗೆ ಕೇಳಿದ್ದು. ಪಂಚಾಕ್ಷರಪ್ಪ ಫೋನನ್ನು ಬಲಗಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಸರಿ ಐತ್ರಿ ಸಾವ್ಕಾರ್ರೆ," ಅಂದ.

ಆ ವಾರದಿಂದ ಬಸವಣ್ಣೆಮ್ಮನ ಬತ್ತಿಗಳು ಕಳೆಯತೊಡಗಿದವು. ದೇವರ ದೀಪಕ್ಕೆಂದು ಹೊಸೆದಿಟ್ಟ ಹತ್ತಿಬತ್ತಿ, ದಿನಕ್ಕೆ ಒಂದು, ಎರಡು.

"ಇಲಿ ಬತ್ತಿ ತಿಂತಾವೇನ್ರಿ?"

"ತಿಂದರೂ ತಿಂತಾವು," ಎಂದು ಅವನು ಅತ್ತ ತಿರುಗಿದ.

ಎಲೆ‌ಅಡಿಕೆಯ ಹಿತ್ತಾಳೆ ಡಬ್ಬಿಯೊಳಗೆ ಅವನು ಪೆಟ್ಟಿಗೆ ಕಟ್ಟಿದ್ದ. ಒಂದಿಷ್ಟು ಸೆಲ್ಲು, ಹಳೆಯ ರೇಡಿಯೋದಿಂದ ಕಿತ್ತ ಗುಂಡಿ, ತಂತಿ, ಉಪ್ಪುನೀರಲ್ಲಿ ಅದ್ದಿದ ದೇವರ ಬತ್ತಿ. ಎರಡೂ ದಿಕ್ಕಿಗೆ ಸಮವಾಗಿ ಮಿಡಿಯುವ ಕರೆಂಟು ಮಾಡುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲ. ಒಂದೇ ದಿಕ್ಕಿನದು ಬರುತ್ತಿತ್ತು. ಕೃತಿಕಾ ಹೇಳಿದ್ದರಲ್ಲಿ ಚೆನ್ನಾಗಿ ಅಡಗುತ್ತದೆ ಎಂಬಷ್ಟನ್ನು ಅವನು ಇಟ್ಟುಕೊಂಡ. ಸುಡುತ್ತದೆ ಎಂಬುದಕ್ಕೆ ಅವನ ಉತ್ತರ ಸಿದ್ಧವಿತ್ತು: ಸುಡುವುದು ಕರೆಂಟನ್ನು ಅಳತೆ ಮೀರಿ ಕೊಟ್ಟವರ ಮೋಟಾರು. ನಲವತ್ತು ವರ್ಷದಲ್ಲಿ ಒಂದು ಮೋಟಾರನ್ನೂ ಅವನು ಸುಟ್ಟಿರಲಿಲ್ಲ.

ಗಿರಣಿಯ ಹಿಂದೆ ಉಮಿ ಸುರಿಯುವ ಗೂಡು. ಅಲ್ಲಿ ಗೋಡೆಗೆ ಒರಗಿ, ಡಬ್ಬಿ ತೆರೆದು, ಟವೆಲು ತಲೆಗೆ ಸುತ್ತಿ ಹತ್ತು ನಿಮಿಷ ಕೂತ. ಸಿಳ್ಳೆ ನಿಂತಿತು. ಆಸ್ಪತ್ರೆಯಲ್ಲಿ ನಿಂತದ್ದಕ್ಕಿಂತ ಗಟ್ಟಿಯಾಗಿ ನಿಂತಿತು. ಎದ್ದು ಒಳಗೆ ಹೋಗಿ ಕಡ್ಡಿ ಇಟ್ಟ. ಹಾಲು ಕಾಯುವ ಸದ್ದು. ಇಪ್ಪತ್ತು ವರ್ಷದ ಹಳೆಯ ಗೆಳೆಯ ಹೆಸರು ಹಿಡಿದು ಕರೆದ ಹಾಗೆ.

"ಓಡ್ಲಿ," ಅಂದ. ಭತ್ತ ಮೇಲೆತ್ತುವ ಎಲಿವೇಟರಿಗೆ ಇಟ್ಟು, "ಗ್ರೀಸು." ಅಕ್ಕಿ ಬೆಳ್ಳಗೆ ಮಾಡುವ ಪಾಲಿಶರಿಗೆ ಇಟ್ಟು, "ಬಿಚ್ರಿ."

ಬಿಚ್ಚಿದರು. ಗುಂಡು ಒಡೆದಿತ್ತು. ಅಲ್ಲಾಬಕ್ಷ್ ಅದನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿಕೊಂಡು ಬಂದ. ಹಮಾಲರಿಗೆ ಉಮಿಯ ಗೂಡಿನ ವಿಷಯ ಗೊತ್ತಾಗಿ, "ಪಂಚಣ್ಣ ಮಂತ್ರ ಹಾಕ್ಕಂಡೇ ಒಳಗೆ ಬರಾದು," ಎಂದರು. "ಹೆಸರಿನಾಗೇ ಮಂತ್ರ ಐತಲ್ಲ, ಮತ್ತೇನು ಹಾಕಾದು," ಎಂದ ಅಲ್ಲಾಬಕ್ಷ್.

ಐದು ವಾರ ಹೀಗೆ ನಡೆಯಿತು. ಆಮೇಲೆ ಹತ್ತು ನಿಮಿಷ ಸಾಲದಾಯಿತು, ಹದಿನೈದಾಯಿತು. ಗುಂಡಿಯನ್ನು ಒಂದು ಗೀಟು ಮುಂದಕ್ಕೆ ತಿರುಗಿಸಬೇಕಾಯಿತು, ಮತ್ತೊಂದು ಗೀಟು. ದಿಂಬಿನ ಮೇಲೆ ಹಳದಿ ಕಲೆ ಬಿತ್ತು. ಬಸವಣ್ಣೆಮ್ಮ ಕಲೆ ಮೂಸಿ ನೋಡಿದಳು. ನೇರ ಹೋಗಿ ಅವನ ಎಲೆ‌ಅಡಿಕೆ ಡಬ್ಬಿ ತೆರೆದಳು. ತನ್ನ ಬತ್ತಿಗಳು ತುದಿ ಕಪ್ಪಾಗಿ ಬಿದ್ದಿದ್ದವು.

ಅವಳು ಕೂಗಾಡಲಿಲ್ಲ. ಡಬ್ಬಿಯನ್ನು ಅವನ ಮುಂದಿಟ್ಟು ಬಲಕ್ಕೆ ಬಂದು ಕೂತಳು.

"ಸಾವ್ಕಾರ್ರಿಗೆ ಹೇಳ್ರಿ. ನಂಗೆ ಕೇಳಂಗಿಲ್ಲ ಅಂತ ಒಂದು ಮಾತು ಹೇಳ್ರಿ, ಸಾಕು. ಜ್ವಾಳದ ರೊಟ್ಟಿ ತಟ್ಟಿ ಮಾರಿಯಾದ್ರೂ ನಡಸ್ತೀನಿ."

"ಇದೊಂದು ಸುಗ್ಗಿ ಮುಗೀಲಿ."

"ಕರೆಂಟು ನಿಮ್ಮ ಬೀಗರಲ್ರೀ, ಮುಖ ನೋಡಿ ಸುಮ್ಕಿರಾಕ."

ಅವನು ಡಬ್ಬಿ ಮುಚ್ಚಿ ಜೇಬಿಗಿಟ್ಟ.

ಕೊನೆಯ ದಿನ ಗುರುವಾರ. ಉಮಿಯ ಗೂಡಿನಲ್ಲಿ ಇಪ್ಪತ್ತು ನಿಮಿಷ ಕೂತರೂ ಸಿಳ್ಳೆ ಅಡಗಲಿಲ್ಲ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಕಿವಿಯೊಳಗೆ ಕಾದ ಕಡ್ಡಿ ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬಂತು. ಗೋಡೆ, ಗೂಡು ಒಂದು ಸುತ್ತು ತಿರುಗಿದವು. ಹೇಗೋ ಎದ್ದು ಒಳಗೆ ಹೋಗಿ ಮೇನ್ ಶಾಫ್ಟಿಗೆ ಕಡ್ಡಿ ಒತ್ತಿದ.

ಹಾಲು ಕಾಯುವ ಸದ್ದು ಇರಲಿಲ್ಲ. ಸೊಪ್ಪೆ ತುಳಿದ ಸದ್ದೂ ಇರಲಿಲ್ಲ. ಸಿಳ್ಳೆ ಒಂದೇ ಇತ್ತು. ಅದು ತಲೆಯದೋ ಕಬ್ಬಿಣದ್ದೋ ಅವನಿಗೆ ತಿಳಿಯಲಿಲ್ಲ. ಹಿಡಿಯನ್ನು ಇನ್ನಷ್ಟು ಒತ್ತಿದ. ಕಡ್ಡಿ ನಡುಗುವುದು ಬೆರಳಿಗೆ ಗೊತ್ತಾಗುತ್ತಿತ್ತು, ಕಿವಿಗೆ ಏನೂ ಇಲ್ಲ. ಕಣ್ಣು ತೆರೆದ. ಅಲ್ಲಾಬಕ್ಷ್ ಎದುರಿಗೆ ನಿಂತಿದ್ದ, ಗ್ರೀಸಿನ ಡಬ್ಬಿ ಹಿಡಿದು, ಮೂರರಲ್ಲಿ ಯಾವ ಮಾತು ಬರುತ್ತದೋ ಎಂದು ಕಾಯುತ್ತ. ಹಿಂದೆ ಬಕ್ಕೇಶಪ್ಪ. ಅವನ ಹಿಂದೆ ಲಾರಿಗಳು. ಹೋದ ವರ್ಷ ಇದೇ ಜಾಗದಲ್ಲಿ ಇದೇ ಸಿಳ್ಳೆಗೆ ಬಿಚ್ರಿ ಅಂದು ನಗೆಗೀಡಾಗಿದ್ದು ಅವನಿಗೆ ನೆನಪಾಯಿತು.

"ಓಡ್ಲಿ," ಅಂದ.

ಮಧ್ಯಾಹ್ನ ಮೂರರ ಹೊತ್ತಿಗೆ ಆ ಬೇರಿಂಗು ಸಿಕ್ಕಿಹಾಕಿಕೊಂಡಿತು. ಬೆಲ್ಟು ಹಾರಿತು. ಪಕ್ಕದಲ್ಲಿ ತೌಡು ಗುಡಿಸುತ್ತಿದ್ದ ಅಲ್ಲಾಬಕ್ಷನ ಬಲಗೈ ಅದಕ್ಕೆ ಸಿಕ್ಕಿತು. ಎರಡು ಬೆರಳು ಹೋದವು, ಮೂರನೆಯದು ಮಡಚದಂತಾಯಿತು. ಪಂಚಾಕ್ಷರಪ್ಪ ಅಷ್ಟರಲ್ಲಿ ಹರಿಹರ ಸೇರಿದ್ದ. ಸುದ್ದಿ ಫೋನಿನಲ್ಲಿ ಬಂತು. ಬಲಗಿವಿಗೆ ಹಿಡಿದ ಫೋನಿನಲ್ಲಿ ಯಾರೂ ಮಾತಾಡುತ್ತಿಲ್ಲವಲ್ಲ ಎಂದು ಅವನು ಹಲೋ ಹಲೋ ಎನ್ನುತ್ತಲೇ ಇದ್ದ. ಕೊನೆಗೆ ಬಸವಣ್ಣೆಮ್ಮ ಕಿತ್ತುಕೊಂಡು ಕೇಳಿ, ಎಡಕ್ಕೆ ಬಂದು, ಕೂಗಿ ಹೇಳಿದಳು.

ಕೃತಿಕಾ ಮತ್ತೆ ಪರೀಕ್ಷೆ ಮಾಡಿದಳು. ಈ ಸಲ ತಾಸು ಹಿಡಿಯಲಿಲ್ಲ. ಬಸವಣ್ಣೆಮ್ಮ ತಂದುಕೊಟ್ಟ ಡಬ್ಬಿಯನ್ನು ಮೇಜಿನ ಮೇಲೆ ತೆರೆದು ಸೆಲ್ಲು, ತಂತಿ, ಕಪ್ಪಾದ ಬತ್ತಿ ನೋಡಿದಳು. ಆಮೇಲೆ ಬಿಳಿ ಹಾಳೆಯಲ್ಲಿ ಬರೆದು ಅವನ ಕೈಗೆ ಕೊಟ್ಟಳು: ಬಲಗಿವಿ ಪೂರ್ತಿ ಹೋಗಿದೆ, ಮರಳಿ ಬರುವುದಿಲ್ಲ.

ಅವನು ಹಾಳೆ ನೋಡಿ ಕೇಳಿದ, "ಕಿವೀನೇ ಸತ್ತರೆ ಸಿಳ್ಳೆ ನಿಲ್ಲಬೇಕಲ್ರೀ ಮೇಡಂ. ಯಾಕ ನಿಂತಿಲ್ಲ?"

ಅವಳು ಅದೇ ಹಾಳೆಯಲ್ಲಿ ಕೆಳಗೆ ಬರೆದಳು: ಅದು ಕಿವಿಯಲ್ಲಿ ಇರಲಿಲ್ಲ, ಅಂಕಲ್. ಮೊದಲೇ ಹೇಳಿದ್ದೆ.

ಮೂರು ವಾರ ಅವನು ಮನೆಯಿಂದ ಹೊರಬೀಳಲಿಲ್ಲ. ಗಿರಣಿಯಲ್ಲಿ ಯಾರೂ ಅವನನ್ನು ದೂರಲಿಲ್ಲ. ದೂರುವುದು ಯಾರ ಮನಸ್ಸಿಗೂ ಬರಲಿಲ್ಲ. ಪಂಚಪ್ಪ ಬೆಳಿಗ್ಗೆ ತಾನೇ ಕೇಳಿ ಓಡ್ಲಿ ಅಂದಿದ್ದಾನೆ, ಮಧ್ಯಾಹ್ನಕ್ಕೆ ಸಿಕ್ಕಿಹಾಕಿಕೊಂಡಿದೆ ಎಂದರೆ ಗ್ರೀಸು ಹಾಕುವವನು ಹಾಕಿಲ್ಲ. ಬಕ್ಕೇಶಪ್ಪನ ಲೆಕ್ಕ ಅಷ್ಟು ಸರಳವಾಗಿತ್ತು. ಗ್ರೀಸು ಹಾಕುವವನು ಅಲ್ಲಾಬಕ್ಷ್. ತನ್ನ ತಪ್ಪಿಗೆ ತಾನೇ ಕೈ ಕಳೆದುಕೊಂಡ, ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದ್ದ. ಅಲ್ಲಾಬಕ್ಷನ ಹೆಂಡತಿ ಖತೀಜಾಬೀ ಹರಿಹರಕ್ಕೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು.

"ಪಂಚಣ್ಣ, ನೀವು ಒಂದ್ಸಲ ಸಾವ್ಕಾರ್ರ ಹತ್ರ ಬರ್ರಿ. ಇವರು ದಿನಾ ಗ್ರೀಸು ಹಾಕ್ತಿದ್ರು ಅಂತ ಹೇಳ್ರಿ. ನಿಮ್ಮ ಮಾತು ನಡೀತೈತೆ."

ಅವಳ ಮಾತನ್ನು ಬಸವಣ್ಣೆಮ್ಮ ಎಡಗಿವಿಗೆ ಬಾಯಿಟ್ಟು ತಲುಪಿಸಿದಳು. ನಿಮ್ಮ ಮಾತು ನಡೆಯುತ್ತದೆ ಎಂಬುದನ್ನು ಮಾತ್ರ ಎರಡು ಸಲ ಹೇಳಿದಳು. ಅವನ ಅಂಗಿಯನ್ನು ಗೂಟದಿಂದ ತಂದು ಕೊಟ್ಟಳು.

ಮಾರನೆ ದಿನ ಬಿಸಿಲು ಏರುವ ಹೊತ್ತಿಗೆ ಗಿರಣಿಯ ಅಂಗಳದಲ್ಲಿ ಎಲ್ಲರೂ ಇದ್ದರು. ಅಲ್ಲಾಬಕ್ಷ್ ತೂಕದ ಕೋಣೆಯ ನೆರಳಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. ಪಂಚಾಕ್ಷರಪ್ಪನನ್ನು ಕಂಡದ್ದೇ ಅವನ ಮುಖ ಅರಳಿತು.

"ಬಂದ ನೋಡ್ರಿ ಸಾವ್ಕಾರ್ರೆ. ಅವನ ಬಾಯಿಂದನೇ ಕೇಳ್ರಿ."

ಪಂಚಾಕ್ಷರಪ್ಪ ಕಡ್ಡಿಯನ್ನು ತೂಕದ ಯಂತ್ರದ ಮೇಲೆ ಇಟ್ಟ. ತನ್ನ ದನಿ ತನಗೆ ಕೇಳದಿದ್ದರಿಂದ ಬೇಕಾದ್ದಕ್ಕಿಂತ ಜೋರಾಗಿ ಮಾತಾಡಿದ. ಉಮಿ ಗೂಡಿನಲ್ಲಿದ್ದ ಹೆಂಗಸರೂ ಹೊರಗೆ ಬಂದರು.

"ಅವತ್ತು ನಂಗೆ ಕೇಳಲಿಲ್ಲ. ಏನೂ ಕೇಳಲಿಲ್ಲ. ಕೇಳಿದವನಂಗೆ ಓಡ್ಲಿ ಅಂದೆ. ಗ್ರೀಸಿನ ತಪ್ಪಲ್ಲ. ಒಂದು ವರ್ಷದಿಂದ ನನ್ನ ಕಿವಿ ಸರಿ ಇಲ್ಲ, ಸಾವ್ಕಾರ್ರೆ. ಮಂತ್ರ ಅಲ್ಲ, ಕರೆಂಟು ಹಾಕ್ಕಂತಿದ್ದೆ." ಹಿತ್ತಾಳೆ ಡಬ್ಬಿ ತೆಗೆದು ಕಡ್ಡಿಯ ಪಕ್ಕ ಇಟ್ಟ.

ಬಕ್ಕೇಶಪ್ಪ ಏನೋ ಅಂದ, ಕೈ ಬೀಸಿ ಇನ್ನೇನೋ ಅಂದ, ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಅಂದದ್ದು ಪಂಚಾಕ್ಷರಪ್ಪನಿಗೆ ತಲುಪಲಿಲ್ಲ. ಅವನು ನೋಡುತ್ತಿದ್ದದ್ದು ಅಲ್ಲಾಬಕ್ಷನನ್ನು.

ಅಲ್ಲಾಬಕ್ಷನ ಮುಖದ ಬೆಳಕು ಮೆಲ್ಲಗೆ ಇಳಿಯಿತು. ಅವನು ನೆರಳು ಬಿಟ್ಟು ನಡೆದು ಬಂದ. ಇಪ್ಪತ್ತು ವರ್ಷದ ರೂಢಿಯಂತೆ ಗೆಳೆಯನ ಬಲಕ್ಕೆ ಬಂದು ನಿಂತು, ಸಣ್ಣ ದನಿಯಲ್ಲಿ, ಬೇರೆ ಯಾರಿಗೂ ಕೇಳದ ಹಾಗೆ ಒಂದು ಮಾತು ಹೇಳಿದ.

ಪಂಚಾಕ್ಷರಪ್ಪ ಅವನ ತುಟಿ ನೋಡಿದ.

"ಏನಂದೆ?"

ಅಲ್ಲಾಬಕ್ಷ್ ಅವನ ಬಲಗಿವಿಯನ್ನೊಮ್ಮೆ ನೋಡಿದ. ಆಮೇಲೆ ಸುತ್ತಿ ಬಂದು ಎಡಕ್ಕೆ ನಿಂತು, ಬಟ್ಟೆ ಸುತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿ ಹೇಳಿದ.

"ಕೇಳಲಿಲ್ಲ ಅಂತ ನಂಗೊಬ್ಬನಿಗೆ ಹೇಳಿದ್ರೆ ಸಾಕಿತ್ತು ಪಂಚಣ್ಣ. ನಾನು ಬಿಚ್ಚಿ ನೋಡ್ತಿದ್ದೆ."